ನಿಂತ ಲಿಫ್ಟಿನ ಸಾಕ್ಷಿ

ಮಾತುಮಾತಿಗೂ 'ಅಬ್ಜೆಕ್ಷನ್' ಎನ್ನುವ ನಮ್ಮ ಅಬ್ಜೆಕ್ಷನ್ ಲಾಯರು ಬೆಳಿಗ್ಗೆ ಕೋರ್ಟಿಗೆ ಹೊರಟು ಐದನೇ ಮಹಡಿಯಲ್ಲಿ ಲಿಫ್ಟು ಹತ್ತಿದರು. ನಾಲ್ಕು ದಾಟಿತು, ಮೂರು ದಾಟಿತು, ಆಮೇಲೆ ಲಿಫ್ಟು ಒಮ್ಮೆ ಬಿಕ್ಕಳಿಸಿ ನಿಂತೇಬಿಟ್ಟಿತು.

ಬೇರೆ ಯಾರೇ ಆಗಿದ್ದರೂ ಬೊಬ್ಬೆ ಹಾಕಿ ಕಟ್ಟಡವನ್ನೇ ಎಬ್ಬಿಸುತ್ತಿದ್ದರು. ಲಾಯರು ಮಾತ್ರ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಿಂತರು. ಅಂದು ಅವರು ಕೋರ್ಟಿನಲ್ಲಿ ಸಾಧಿಸಿ ತೋರಿಸಬೇಕಾಗಿದ್ದದ್ದು ಒಂದೇ ಮಾತು: ಜಿರಾಫೆ ಗುರುತಿನ ಲಿಫ್ಟು ಎಂದೂ ನಡುವೆ ನಿಲ್ಲುವುದಿಲ್ಲ, ನಿಲ್ಲುವುದೇನಿದ್ದರೂ ಅಳಿಲು ಗುರುತಿನದು.

ಊರಿನಲ್ಲಿ ಏಳುತ್ತಿದ್ದ ನಲವತ್ತು ಅಂತಸ್ತಿನ ಕಟ್ಟಡಕ್ಕೆ ಯಾರ ಲಿಫ್ಟು ಎಂಬ ಜಗಳ ಅದು. 'ನಿಮ್ಮದು ನಿಲ್ಲುತ್ತೆ', 'ಇಲ್ಲ, ನಿಮ್ಮದೇ ನಿಲ್ಲುತ್ತೆ' ಎಂದು ಎರಡು ಕಂಪನಿಗಳೂ ವರ್ಷಗಟ್ಟಲೆ ಕೋರ್ಟಿನಲ್ಲಿ ಕಚ್ಚಾಡುತ್ತಿದ್ದವು. ನಮ್ಮ ಲಾಯರು ಜಿರಾಫೆಯ ಕಡೆ. ಗೆದ್ದರೆ ಆಫೀಸಿನ ಬಾಗಿಲ ಬೋರ್ಡಿನಲ್ಲಿ ಅವರ ಹೆಸರನ್ನೂ ಬರೆಸುವುದಾಗಿ ಸೀನಿಯರ್ ವಕೀಲರು ಮಾತು ಕೊಟ್ಟಿದ್ದರು. ಆ ಬೋರ್ಡಿನಲ್ಲಿ ಸೀನಿಯರ್ ಹೆಸರಿತ್ತು, ಅವರ ಮಗನ ಹೆಸರಿತ್ತು, ಇನ್ನೂ ಪರೀಕ್ಷೆ ಪಾಸು ಮಾಡದ ಸೊಸೆಯ ಹೆಸರೂ ಇತ್ತು. ದೊಡ್ಡ ದೊಡ್ಡ ಕಂಪನಿಗಳ ಕೇಸು ನಡೆಸಿ ನಡೆಸಿ ತಲೆ ಬೋಳಾದ ನಮ್ಮವರದು ಮಾತ್ರ ಇರಲಿಲ್ಲ. ದಿನಾ ಆ ಬಾಗಿಲು ದಾಟುವಾಗ ಅವರಿಗೆ ಹೊಟ್ಟೆ ಉರಿಯುತ್ತಿತ್ತು.

ತಮ್ಮ ಕಟ್ಟಡಕ್ಕೆ ಜಿರಾಫೆ ಲಿಫ್ಟು ಹಾಕಿಸಿದ್ದೂ ಅವರೇ. ಈಗ ಅದರಲ್ಲಿ ತಾವೇ ಸಿಕ್ಕಿಬಿದ್ದ ಸುದ್ದಿ ಹೊರಬಿದ್ದರೆ ಕೇಸೂ ಹೋಯಿತು, ಬೋರ್ಡೂ ಹೋಯಿತು. ಪಾಪ, ಸಾಕ್ಷಿಗಳನ್ನು ಹುಡುಕಿಕೊಂಡು ಒಂದೂವರೆ ತಿಂಗಳು ಊರೂರು ಅಲೆದು ಹಿಂದಿನ ರಾತ್ರಿಯಷ್ಟೇ ತೂಕಡಿಸುತ್ತಾ ಮನೆ ಸೇರಿದ್ದರು. ನಡುವೆ ಹೆಂಡತಿ ಫೋನಿನಲ್ಲಿ, "ರೀ, ನಮ್ಮ ಲಿಫ್ಟು..." ಎಂದು ಶುರುಮಾಡಿದಾಗಲೆಲ್ಲ, "ಲಿಫ್ಟಿನ ವಿಷಯ ಫೋನಲ್ಲಿ ಬೇಡ ಕಣೇ, ಎದುರು ಪಾರ್ಟಿ ಕಿವಿಗೆ ಬಿದ್ದೀತು" ಎಂದು ಫೋನಿಟ್ಟುಬಿಡುತ್ತಿದ್ದರು.

ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು. ಎರಡನೇ ಮಹಡಿಯ ನಿವೃತ್ತ ಟೀಚರಮ್ಮ.

"ಯಾರದು ಒಳಗೆ?"

ಲಾಯರು ಉಸಿರು ಬಿಗಿಹಿಡಿದರು. ಹಾಳು ಕೆಮ್ಮು ಬಂದೇಬಂತು.

"ಓಹೋ, ಲಾಯರೇ! ಸಿಕ್ಕಿಹಾಕ್ಕೊಂಡ್ರಾ?"

"ಅಬ್ಜೆಕ್ಷನ್! ಉತ್ತರಾನ ನೀವೇ ನನ್ನ ಬಾಯಿಗೆ ತುರುಕ್ತಿದೀರಿ."

"ಮತ್ತೆ ಅಲ್ಲೇನು ಮಾಡ್ತಿದೀರಿ?"

"ವಾದ ಅಭ್ಯಾಸ ಮಾಡ್ತಿದೀನಮ್ಮಾ. ಮನೇಲಿ ಗಲಾಟೆ. ನಾನೇ ಬೇಕು ಅಂತ ನಿಲ್ಲಿಸ್ಕೊಂಡಿದೀನಿ."

ಟೀಚರಮ್ಮ ನಂಬುವವರೇ? ಮೊಬೈಲು ತೆಗೆದು ವಿಡಿಯೋ ಶುರುಮಾಡಿದರು. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಹಲ್ಲಿನ ಡಾಕ್ಟರು ಬಂದು, "ಸ್ವಲ್ಪ ಅಲುಗಾಡಿಸಿ ಮೇಲಿಂದ ಎಳೆದ್ರೆ ಬಂದ್ಬಿಡುತ್ತೆ, ಏನೂ ನೋವಾಗಲ್ಲ" ಎಂದರು. ಲಾಯರ ಹೆಂಡತಿ ಮೆಟ್ಟಿಲಿಳಿದು ಬಂದು, "ರೀ, ಡಬ್ಬಿ ಬಿಟ್ಟು ಹೋಗಿದೀರಿ" ಎಂದಳು. ಕೊನೆಗೆ ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡೇ ಕಟ್ಟಡದ ಸಂಘದ ಅಧ್ಯಕ್ಷರೂ ಓಡಿಬಂದರು.

"ಸಾರ್, ನಿಮಗೆ ಹೇಳ್ಬೇಕು ಅಂತಲೇ ಇದ್ದೆ. ಈ ಲಿಫ್ಟು ಇದೆಯಲ್ಲ, ಇದು..."

"ಕೇಳಿದ್ದಕ್ಕೆ ಮಾತ್ರ ಹೌದು ಅಥವಾ ಇಲ್ಲ ಅನ್ನಿ!" ಒಳಗಿನಿಂದ ಪಾಟೀಸವಾಲು ಶುರುವಾಯಿತು. "ಲಿಫ್ಟು ನಿಂತಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ನಾನು ಗಡ್ಡ ಹೆರೀತಾ..."

"ಹೌದಾ, ಇಲ್ವಾ?"

"ಇಲ್ಲ."

"ಮುಚ್ಚಿದ ಬಾಗಿಲ ಹಿಂದೆ ಈಗ ಲಿಫ್ಟು ನಿಂತಿದೆಯೋ, ಓಡ್ತಿದೆಯೋ, ಕಾಣ್ತಿದೆಯಾ?"

"ಇಲ್ಲ ಸಾರ್."

"ಅಂದ್ಮೇಲೆ ನಿಂತಿಲ್ಲ!"

ಅಧ್ಯಕ್ಷರು ತಬ್ಬಿಬ್ಬಾಗಿ ಹೋಗಿ ಮೇನ್ ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕಿದರು. ಲಿಫ್ಟು ಏನೂ ಆಗೇ ಇಲ್ಲವೆಂಬಂತೆ ಸುಯ್ಯೆಂದು ಕೆಳಗಿಳಿಯಿತು. ಎಲ್ಲರೂ ದಡದಡ ಮೆಟ್ಟಿಲಿಳಿದರು. ಬಾಗಿಲು ತೆರೆದಾಗ ಲಾಯರ ಕಣ್ಣಿಗೆ ಮೊದಲು ಬಿದ್ದದ್ದು ಟೀಚರಮ್ಮನ ಮೊಬೈಲು.

ವಿಡಿಯೋ ಅಳಿಸಿ ಎಂದರೆ ಟೀಚರಮ್ಮ ಅಳಿಸುವ ಪೈಕಿಯವರಲ್ಲ. ಅದರೊಳಗೇ ಸಾಕ್ಷ್ಯ ತಿರುಗಿಸುವುದು ಜಾಣತನ. ಲಾಯರು ಹೊರಗೆ ಬಾರದೆ, ಲಿಫ್ಟಿನೊಳಗೇ ಕೋಟು ಸರಿಮಾಡಿಕೊಂಡು, ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಈ ಲಿಫ್ಟು ನಿಂತಿಲ್ಲ, ನಿಲ್ಲೋದೂ ಇಲ್ಲ. ವಕೀಲನಾಗಿ ಹೇಳ್ತೀನಿ, ಇಂಥ ಲಿಫ್ಟನ್ನ ನಾನು ಕಂಡೇ ಇಲ್ಲ. ಏನಂತೀರಿ ಎಲ್ಲರೂ?"

ಅವರ ಗುಡುಗಿಗೆ ಹೆದರಿ ಎಲ್ಲರೂ ತಲೆ ಅಲ್ಲಾಡಿಸಿದರು. ಅಧ್ಯಕ್ಷರ ಮುಖವಂತೂ ನೊರೆಯ ಅಡಿಯಲ್ಲೇ ಅರಳಿತು.

"ಸಾರ್, ಈ ವಿಡಿಯೋನ ನನ್ನ ಭಾವಮೈದನಿಗೆ ಕಳಿಸ್ಲಾ? ತುಂಬಾ ಖುಷಿಪಡ್ತಾನೆ."

"ಅವನೊಬ್ಬನಿಗೇ ಯಾಕ್ರೀ, ಊರಿಗೆಲ್ಲ ಕಳಿಸಿ!"

"ರೀ, ಒಂದ್ನಿಮಿಷ, ಆ ಲಿಫ್ಟು..." ಎಂದು ಹೆಂಡತಿ ಹಿಂದೆಯೇ ಬಂದಳು.

"ಸಂಜೆ ಕಣೇ, ಸಂಜೆ!" ಲಾಯರು ಡಬ್ಬಿ ಕಸಿದುಕೊಂಡು ಓಡಿದರು.

ಕೋರ್ಟಿನಲ್ಲಿ ಅಂದು ಸಾಕ್ಷ್ಯ ಹೇಳುವ ಕೊನೆಯ ದಿನ. ಅಳಿಲು ಕಡೆಯ ವಕೀಲೆ ಎಂದೂ ದನಿ ಎತ್ತದ ಹೆಂಗಸು. ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ಎದ್ದು, "ಈಗಷ್ಟೇ ಒಂದು ವಿಡಿಯೋ ಸಿಕ್ಕಿದೆ ಸ್ವಾಮಿ" ಎಂದರು.

ಪರದೆಯ ಮೇಲೆ ತಮ್ಮದೇ ಮುಖ ಮೂಡಿದ್ದು ಕಂಡು ಲಾಯರಿಗೆ ನಗು ತಡೆಯಲಾಗಲಿಲ್ಲ. ಶತ್ರುವೇ ತಮ್ಮ ಸಾಕ್ಷಿಯನ್ನು ಹೊತ್ತು ತಂದಿದ್ದಾಳೆ!

"ಇದು ನೀವೇ ತಾನೇ?" ನ್ಯಾಯಾಧೀಶರು ಕೇಳಿದರು.

"ನಾನೇ ಸ್ವಾಮಿ!"

"ಹೇಳಿದ್ದೆಲ್ಲ ನಿಜವೋ?"

"ಅಕ್ಷರಶಃ ನಿಜ!"

"ಹಾಗಾದರೆ ಅವರ ತಲೆಯ ಹಿಂದೆ ಸ್ವಲ್ಪ ನೋಡಬೇಕು" ಎಂದು ವಕೀಲೆ ಚಿತ್ರವನ್ನು ದೊಡ್ಡದು ಮಾಡಿದರು. ಲಾಯರ ಬೋಳು ತಲೆಯ ಮೇಲ್ಗಡೆ, ಲಿಫ್ಟಿನ ಹೊಸ ಕನ್ನಡಿಯ ಅಂಚಿನಲ್ಲಿ, ಬಾಲ ಎತ್ತಿ ಕೂತಿತ್ತು ಒಂದು ಪುಟ್ಟ ಅಳಿಲು.

"ಇವರ ಕಟ್ಟಡದ ಜಿರಾಫೆ ಲಿಫ್ಟು ವಾರವಾರವೂ ನಿಲ್ಲುತ್ತೆ ಅಂತ ಅದನ್ನು ಕಳೆದ ತಿಂಗಳು ಕಿತ್ತುಹಾಕಿದ್ದಾರೆ ಸ್ವಾಮಿ. ಇದು ನಮ್ಮ ಲಿಫ್ಟು. ಮಾರಿದವರು ಅವರ ಸಂಘದ ಅಧ್ಯಕ್ಷರ ಭಾವಮೈದ."

ಲಾಯರು ಬೋಳು ತಲೆಯ ಮೇಲೆ ಕೈ ಹೊತ್ತರು. ಬೆಳಿಗ್ಗೆ ಒಂದು ಸಲ, ಒಂದೇ ಒಂದು ಸಲ, 'ಅಯ್ಯೋ ಲಿಫ್ಟು ನಿಂತಿದೆ' ಎಂದು ಬಾಯಿಬಿಟ್ಟಿದ್ದರೆ ಕೇಸು ಅಂಗೈಯಲ್ಲಿರುತ್ತಿತ್ತು!

"ಅಬ್ಜೆಕ್ಷನ್ ಏನಾದರೂ ಇದೆಯೇ?" ನ್ಯಾಯಾಧೀಶರು ಕೇಳಿದರು.

"ಇಲ್ಲ ಸ್ವಾಮಿ" ಎಂದರು ಲಾಯರು, ಹುಟ್ಟಿದ ಮೇಲೆ ಮೊದಲ ಸಲ.

ಸಂಜೆ ಕಾಲೆಳೆದುಕೊಂಡು ಮನೆಗೆ ಬಂದರೆ ಲಿಫ್ಟಿನ ಬಾಗಿಲಲ್ಲಿ ಅಧ್ಯಕ್ಷರು ಹಲ್ಲುಕಿರಿದು ನಿಂತಿದ್ದರು.

"ನೋಡಿ ಸಾರ್! ಭಾವಮೈದ ಮಧ್ಯಾಹ್ನವೇ ಮಾಡಿಸಿ ಕಳಿಸಿದಾನೆ."

ಗೋಡೆಯ ಮೇಲೆ ಫಳಫಳ ಹೊಳೆಯುವ ಬೋರ್ಡು. ದಪ್ಪ ಬಂಗಾರದ ಅಕ್ಷರಗಳಲ್ಲಿ ಲಾಯರ ಪೂರ್ತಿ ಹೆಸರು, ಓದಿದ ಡಿಗ್ರಿಗಳ ಸಮೇತ. ಕೆಳಗೆ: 'ಇಂಥ ಲಿಫ್ಟನ್ನ ನಾನು ಕಂಡೇ ಇಲ್ಲ.' ಅಷ್ಟು ವರ್ಷ ಆಸೆಪಟ್ಟ ಬೋರ್ಡು ಹೀಗೆ ಸಿಕ್ಕಿತಲ್ಲ ಎಂದು ಲಾಯರಿಗೆ ಅಳುವೇ ಬಂತು.

ಆಗ ಮೇಲಿನಿಂದ, ಎರಡು ಮಹಡಿಗಳ ನಡುವಿನಿಂದ, ಹೆಂಡತಿಯ ದನಿ ಕೇಳಿಸಿತು: "ರೀ, ಬಂದ್ರಾ? ಲಿಫ್ಟು ನಿಂತ್ಬಿಟ್ಟಿದೆ ಕಣ್ರೀ! ಯಾರನ್ನಾದ್ರೂ ಕರೀರಿ!"

ಲಾಯರು ಗಾಬರಿಯಿಂದ ಅಧ್ಯಕ್ಷರ ತೋಳು ಹಿಡಿದರು. "ರೀ, ಲಿಫ್ಟು ನಿಂತಿದೆಯಂತೆ!"

ಅಧ್ಯಕ್ಷರು ಒಮ್ಮೆ ಬೋರ್ಡು ನೋಡಿದರು, ಒಮ್ಮೆ ಮುಚ್ಚಿದ ಬಾಗಿಲು ನೋಡಿದರು.

"ನೀವು ಕಣ್ಣಾರೆ ನೋಡಿದ್ರಾ ಸಾರ್? ಹೌದಾ, ಇಲ್ವಾ?"