ಪರವಾನಗಿ ಪಡೆದ ತೊಡೆ

ಬಹಳ ಹಿಂದೆ, ಎಂದರೆ ಪ್ರತಿ ಅರ್ಜಿಗೂ ಮೂರು ಪ್ರತಿ ಲಗತ್ತಿಸಬೇಕೆಂಬ ನಿಯಮ ಬಂದ ಕೆಲವೇ ದಿನಗಳ ಮೇಲೆ, ಶ್ರವಣಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ನಾದಪ್ರಿಯ ಭೂಪತಿಗಳು. ಹೆಸರು ತಂದೆ ಇಟ್ಟದ್ದು. ಸಂಗೀತದ ಮೇಲಿನ ಪ್ರೀತಿ ಹೆಸರಿಗೆ ತಕ್ಕಂತೆ ಇರಲೆಂದು ಆಮೇಲೆ ಬಂದದ್ದು.

ಒಂದು ದಿನ ಒಡ್ಡೋಲಗದಲ್ಲಿ ಮಹಾರಾಜರು, ನಮ್ಮ ರಾಜ್ಯದಲ್ಲಿ ಸಂಗೀತ ಹೇಗಿದೆ ಎಂದು ವಿಚಾರಿಸಿದರು. ಶಬ್ದಸಚಿವ ಗಹನದತ್ತ ಎದ್ದು, ಅದು ಎಲ್ಲೆಂದರಲ್ಲಿ ಇದೆ ಎಂದು ವರದಿ ಒಪ್ಪಿಸಿದ. ಚಹಾದಂಗಡಿ, ಕ್ಷೌರದಂಗಡಿ, ಖಾನಾವಳಿಗಳಲ್ಲೂ ಜನ ಯಾವ ದಾಖಲೆಯೂ ಇಲ್ಲದೆ ಹಾಡುತ್ತಿದ್ದಾರಂತೆ. ಪ್ರಭುಗಳಿಗೆ ದುಃಖವಾಯಿತು. ದಾಖಲೆಯಿಲ್ಲದ ವಸ್ತು ನಾಳೆ ಕಳೆದುಹೋದರೆ ಹುಡುಕುವುದು ಹೇಗೆ? ಅಂದೇ ಸಂಜೆ ಸಂಗೀತ ಸಂರಕ್ಷಣಾ ಶಾಸನ ಹೊರಬಿತ್ತು. ಹಾಡು ನಡೆಯುವ ಪ್ರತಿ ಜಾಗಕ್ಕೂ ಪರವಾನಗಿ ಬೇಕು. ಆದರೆ ಪ್ರಭುಗಳದು ಬೆಣ್ಣೆಯಂಥ ಮನಸ್ಸು. ಕಲಾವಿದರು ಇಬ್ಬರೇ ಇದ್ದರೆ ಮಾಫಿ.

ಡಂಗುರ ಕೇಳಿದ ಸಾತವ್ವ ನಿರಾಳವಾಗಿ ಜೋಳದ ಹಿಟ್ಟು ನಾದಿದಳು. ನೇಕಾರರ ಓಣಿಯಲ್ಲಿ ಅವಳದೊಂದು ಖಾನಾವಳಿ. ನಾಲ್ಕು ಬೆಂಚು, ಉಳಿದವರಿಗೆ ನೆಲ. ಗುರುವಾರ ಸಂಜೆ ಲಾಡಸಾಬ ಅಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತ ತತ್ವಪದ ಹಾಡುತ್ತಿದ್ದ, ಈರಸಂಗಪ್ಪ ತಬಲಾ ಹಿಡಿಯುತ್ತಿದ್ದ. ಒಟ್ಟು ಇಬ್ಬರು. ಲಾಡಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಉಳಿದ ಆರು ದಿನಗಳೆಂದರೆ ಅವನಿಗೆ ಗುರುವಾರಕ್ಕೆ ಹೋಗುವ ದಾರಿ, ಅಷ್ಟೇ.

ಮುಂದಿನ ಗುರುವಾರ ಶ್ರವಣಾಧಿಕಾರಿ ಅಂಕುಶರಾಯ ದಫ್ತರದೊಂದಿಗೆ ಬಂದು ಬಾಗಿಲ ಬಳಿ ನಿಂತ. ಹಾಡು ಮುಗಿದ ಮೇಲೆ ತನ್ನ ಎಣಿಕೆ ಓದಿ ಹೇಳಿದ. ಮುಖ್ಯ ಕಲಾವಿದರು ಇಬ್ಬರು. ತಾಳ ಹಾಕಿದ ಬಲತೊಡೆ ಇಪ್ಪತ್ತಾರು, ಎಡತೊಡೆ ಒಂಬತ್ತು, ಬೆಂಚಿನ ಅಂಚು ಮೂರು. ಕೇಳುವವರು ಯಾರೂ ಇಲ್ಲ, ಇರುವವರೆಲ್ಲ ಪಕ್ಕವಾದ್ಯದವರು.

"ಸಾಹೇಬ್ರ, ಅವ್ರು ಉಣ್ಣಾಕ ಬಂದಾರ್ರಿ" ಎಂದಳು ಸಾತವ್ವ.

"ಉಣ್ಣುವವರ ಕೈ ತಟ್ಟೆಯ ಮೇಲಿರಬೇಕು. ತೊಡೆಯ ಮೇಲೆ ಏನು ಬಡಿಸಿದ್ದೀರಿ?"

ಅಂಕುಶರಾಯ ಪ್ರಾಮಾಣಿಕ. ಪಟ್ಟಿಯ ಕೊನೆಗೆ ತನ್ನ ಬಲಗಾಲಿನ ಹೆಬ್ಬೆರಳನ್ನೂ ಸೇರಿಸಿ, ಒಟ್ಟು ನಲವತ್ತೊಂದು ಎಂದು ಬರೆದು ಸಹಿ ಹಾಕಿದ.

ಸಾತವ್ವ ಪರವಾನಗಿ ಕೇಳಲು ಶಬ್ದಸಚಿವಾಲಯಕ್ಕೆ ಹೋದಳು. ಅಲ್ಲಿ ಏಕಗವಾಕ್ಷಿ ವ್ಯವಸ್ಥೆ ಜಾರಿಯಲ್ಲಿತ್ತು; ಆ ಒಂದು ಕಿಟಕಿಯನ್ನು ಮುಟ್ಟುವ ಮೊದಲು ಹನ್ನೊಂದು ಬಾಗಿಲು ದಾಟಬೇಕಿತ್ತು. ನಲವತ್ತೊಂದು ಮಂದಿ ಕಲಾವಿದರಿಗೆ ನಲವತ್ತೊಂದು ರಥ ನಿಲ್ಲಿಸುವ ಜಾಗ, ತೊಡೆಗಳ ಶಬ್ದಮಟ್ಟದ ಪ್ರಮಾಣಪತ್ರ, ಎರಡಂತಸ್ತಿನ ಗ್ರೀನ್ ರೂಮು ಬೇಕೆಂದು ಗುಮಾಸ್ತ ತಿಳಿಸಿದ. ನೀವು ಕೇಳೋ ಆ ಖೋಲಿಯ ಒಂದ ಮೂಲ್ಯಾಗ ನನ್ನ ಖಾನಾವಳಿ ಹಿಡಸ್ತೈತ್ರಿ ಎಂದಳು ಅವಳು. ಹಾಗಾದರೆ ಅಲ್ಲೇ ಇಟ್ಟುಬಿಡಿ, ಬಾಡಿಗೆ ಉಳಿಯುತ್ತದೆ ಎಂದು ಅವನು ಸಲಹೆ ಕೊಟ್ಟ. ನಾಗರಿಕಸ್ನೇಹಿ ಆಡಳಿತವೆಂದರೆ ಇದೇ.

ಬೇರೆ ದಾರಿಯಿಲ್ಲದೆ ಆ ವಾರ ಸಾತವ್ವ ಎಲ್ಲರಿಗೂ ಕೈಕಟ್ಟಿ ಕೂರಲು ಹೇಳಿದಳು. ಕೂತರು. ಲಾಡಸಾಬ ಎರಡು ನುಡಿ ಹಾಡಿ ನಿಲ್ಲಿಸಿದ.

"ತಂಗೀ, ಗ್ವಾಡಿಗೆ ಉಣ್ಣಾಕ ನೀಡಿದಂಗ ಆಗೇತಿ. ನನ್ನ ಕಡಿಂದ ಆಗೂದಿಲ್ಲ."

ಅವನು ಪೇಟಿ ಮುಚ್ಚಿ, ಊಟಕ್ಕೂ ನಿಲ್ಲದೆ ಎದ್ದು ಹೋದ. ಖಾಲಿ ಮೂಲೆಯನ್ನು ನೋಡುತ್ತ ಕೂತ ಸಾತವ್ವನಿಗೆ ಅಂದು ನಿದ್ದೆ ಬರಲಿಲ್ಲ, ಉಪಾಯ ಬಂತು. ಮರುವಾರ ಅವನನ್ನು ಮನೆಯಿಂದ ಕರೆತಂದು ಕೂರಿಸಿದಳು. ಬಂದವರ ಎರಡೂ ಕೈಗೆ ಸೇರಿ ಒಂದೊಂದು ಖಡಕ್ ರೊಟ್ಟಿ ಹಿಡಿಸಿದಳು. ಕೈ ತುಂಬಿದ ಮೇಲೆ ತೊಡೆ ತಟ್ಟುವುದು ಹೇಗೆ? ಅಂಕುಶರಾಯ ಬಾಗಿಲಲ್ಲಿ ಲೇಖನಿ ಹಿಡಿದು ಕಾದ. ಹಾಡು ಏರಿತು. ತಾಳ ಒಂದು ಸುತ್ತು ತಿರುಗಿ ಬಂದು ಕೂಡುವ ಜಾಗಕ್ಕೆ ಹಾಡುವವರು ಸಮ್ ಎನ್ನುತ್ತಾರೆ. ಸರಿಯಾಗಿ ಆ ಸಮ್‌ಗೆ ಮೂವತ್ತೆಂಟು ರೊಟ್ಟಿ ಒಂದೇ ಸಲ ಮುರಿದವು.

ಟಕ್.

ಲಾಡಸಾಬ ಕಣ್ಣು ತೆರೆದು ನಕ್ಕ. ಮುಂದಿನ ನುಡಿಯನ್ನು ಅವನು ಹಾಡಿದ ಹಾಗೆ ಆ ಓಣಿ ಎಂದೂ ಕೇಳಿರಲಿಲ್ಲ. ಅಂಕುಶರಾಯ ಹೆಬ್ಬೆರಳನ್ನು ಇನ್ನೊಂದು ಕಾಲಿನಿಂದ ಮೆಟ್ಟಿ ಹಿಡಿದು, ಜೋಳಮೂಲ ಘನವಾದ್ಯ, ಮೂವತ್ತೆಂಟು, ಎಂದು ದಾಖಲಿಸಿದ. ಆಮೇಲೆ ಪೇಟಿಗೆ ಅರಗಿನ ಮುದ್ರೆ ಹಾಕಿದ.

ಸಾತವ್ವ ನೇರ ಅರಮನೆಗೆ ಹೋಗಿ, ಒಮ್ಮೆ ಬಂದು ಕೇಳ್ರಿ, ಆಮ್ಯಾಲ ಹೇಳ್ರಿ ಎಂದು ಅಂಗಲಾಚಿದಳು. ಸಂಗೀತಪ್ರೇಮಿ ಪ್ರಭುಗಳು ಒಪ್ಪಿ, ಸಚಿವರೊಂದಿಗೆ, ಪತ್ರಕರ್ತರೊಂದಿಗೆ ಬಿಜಯಂಗೈದರು. ಸಿಂಹಾಸನಕ್ಕಾಗಿ ಎರಡು ಬೆಂಚು ಹೊರಗೆ ಹೋದವು. ಒಂದು ಹಾಡಿನ ಮಟ್ಟಿಗೆ ಮುದ್ರೆ ಒಡೆಯಲಾಯಿತು. ಓಣಿಯವರು ತಮ್ಮ ಕೈಗಳ ಮೇಲೆ ತಾವೇ ಕೂತರು. ಲಾಡಸಾಬ ಅವರತ್ತ ನೋಡದೆ ಕಣ್ಣು ಮುಚ್ಚಿ ಹಾಡತೊಡಗಿದ.

ಹಾಡು ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ತಪ್ಪಾಯಿತು. ಮಹಾರಾಜರ ತಲೆ ತೂಗಿತು, ಬಲಗೈ ಮೇಲೆದ್ದಿತು, ರಾಜತೊಡೆಯ ಮೇಲೆ ಬಿದ್ದಿತು. ಸಮ್ ಕಳೆದು ಒಂದೂವರೆ ಮಾತ್ರೆ ಆಗಿತ್ತು.

ಈರಸಂಗಪ್ಪ ನಾಲಿಗೆ ಕಚ್ಚಿಕೊಂಡ. ಗಹನದತ್ತ ಎದ್ದು ಕೈಮುಗಿದ.

"ಮಹಾಪ್ರಭು, ಸಮ್ ಇಂದು ಅವಸರಪಟ್ಟು ಮೊದಲೇ ಬಂದುಬಿಟ್ಟಿತ್ತು. ತಾವು ಅದನ್ನು ಅದರ ಸ್ಥಾನದಲ್ಲಿ ಕೂರಿಸಿದಿರಿ."

"ನಮಗೂ ಹಾಗೆಯೇ ಅನ್ನಿಸಿತು" ಎಂದರು ಪ್ರಭುಗಳು.

ಆದರೆ ಅಂಕುಶರಾಯನ ಲೇಖನಿ ದಫ್ತರದ ಮೇಲೆ ಇಳಿಯದೆ ಗಾಳಿಯಲ್ಲೇ ನಿಂತಿತ್ತು. ತೊಡೆ ತಟ್ಟಿದವನು ಕಲಾವಿದ, ಇವರು ಮೂರನೆಯವರು, ಪರವಾನಗಿ ಇಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಕೇಳಿಸಿತು. ತಕ್ಷಣ ಸಾತವ್ವನ ಅಡುಗೆಮನೆಯಲ್ಲಿ, ಒಲೆಗೆ ಬೆನ್ನು ಮಾಡಿ, ಮಂತ್ರಿಮಂಡಲದ ತುರ್ತು ಸಭೆ ಸೇರಿತು. ಬೇಳೆ ಬೇಯುವಷ್ಟರಲ್ಲಿ ತಿದ್ದುಪಡಿ ಸಿದ್ಧವಾಯಿತು. ರಾಜ್ಯದಲ್ಲಿ ಸರಿಯಾದ ಸಮ್ ಒಂದೇ ಇರಲು ಸಾಧ್ಯ. ಆದ್ದರಿಂದ ಪರವಾನಗಿಯೂ ಒಂದೇ. ಅದು ಮಹಾರಾಜರ ಬಲತೊಡೆಗೆ, ಆಜೀವ.

ಪ್ರಸನ್ನರಾದ ಪ್ರಭುಗಳು ಸಾತವ್ವನನ್ನು ಕರೆದು, ಏನು ಬೇಕು ಕೇಳು ಎಂದರು.

"ನಮ್ಮ ಗುರುವಾರ ನಮಗ ಕೊಡ್ರಿ, ಅಷ್ಟ ಸಾಕು."

"ಬರೇ ನಿಮಗೇಕೆ? ರಾಜ್ಯಕ್ಕೇ ಕೊಟ್ಟೆವು" ಎಂದರು ಪ್ರಭುಗಳು.

ಹೀಗೆ ಗುರುವಾರ ರಾಜ್ಯ ಸಂಗೀತ ದಿನವಾಯಿತು. ಹತ್ತು ಸಾವಿರ ಆಸನಗಳ ಊರುಮಂಟಪ ಎದ್ದಿತು. ಊರು ಎಂದರೆ ಇಲ್ಲಿ ಗ್ರಾಮವಲ್ಲ, ಸಂಸ್ಕೃತದ ತೊಡೆ. ಅದರ ವೇದಿಕೆಯ ಮೇಲೆ, ರೇಷ್ಮೆ ದಿಂಬಿನ ಮೇಲೆ, ಮಹಾರಾಜರ ಬಲತೊಡೆಗೆ ಸಣ್ಣದೊಂದು ಬಂಗಾರದ ಕಿರೀಟ ತೊಡಿಸಲಾಯಿತು. ಪ್ರಜೆಗಳ ಹಾಜರಿ ಕಡ್ಡಾಯ. ಪ್ರವೇಶ ಉಚಿತವೆಂದು ಫಲಕವಿತ್ತು. ಪಡಿತರದಲ್ಲಿ ತಲೆಗೆ ಎರಡು ಸೇರು ಜೋಳ ಮಾತ್ರ ಕಡಿಮೆ ಬರತೊಡಗಿತು. ಲಾಡಸಾಬ ಆಸ್ಥಾನ ವಿದ್ವಾನನಾದ. ಶಾಲು ಹೊದ್ದು, ಮುಚ್ಚಿದ ಪೇಟಿಯ ಮುಂದೆ ಕೂರುವುದು ಅವನ ಕೆಲಸ. ಹಾಡಿದರೆ ತೊಡೆಯ ಸದ್ದು ಕೇಳಿಸುವುದಿಲ್ಲವೆಂದು ತಜ್ಞರ ಸಮಿತಿ ಅಭಿಪ್ರಾಯಪಟ್ಟಿತ್ತು. ಅದೇ ಸಮಿತಿಯ ಇನ್ನೊಂದು ಶಿಫಾರಸಿನ ಮೇರೆಗೆ ರಾಜ್ಯದಾದ್ಯಂತ ಖಡಕ್ ರೊಟ್ಟಿ ನಿಷಿದ್ಧವಾಯಿತು.

ಮೊದಲ ಕಚೇರಿ ಮುಗಿದ ಸಂಜೆ ಲಾಡಸಾಬ ಖಾನಾವಳಿಗೆ ಬಂದು ತನ್ನ ಹಳೆಯ ಮೂಲೆಯಲ್ಲಿ ಕೂತ. ಹೆಂಗಿತ್ತಣ್ಣಾ ಎಂದು ಸಾತವ್ವ ಕೇಳಿದಳು.

"ತೊಡಿ ಚೊಲೊ ತಯಾರಾಗೇತಿ ತಂಗೀ. ಹಾಡೊಂದ ಕಡಿಮಿ."

ಅವಳು ಅವನ ತಟ್ಟೆಗೆ ರೊಟ್ಟಿ ಹಾಕಿದಳು. ಅವನು ಅಂದು ಓಣಿಯವರು ಹಿಡಿದಂತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಒಳಗೊಳಗೇ ಒಂದು ಸುತ್ತು ಎಣಿಸಿ ಮುರಿಯಹೋದ. ರೊಟ್ಟಿ ಸದ್ದಿಲ್ಲದೆ ಬಾಗಿತು.