ತೂತಿಲ್ಲದ ಪೆಟ್ಟಿಗೆ

ಇನ್ನು ಮೇಲೆ ತನ್ನ ಪಿಕಪ್ಪಿಗೆ ಪರರ ಕೈ ಮುಟ್ಟಿಸುವುದಿಲ್ಲ, ಬೇಕಾದ ಬದಲಾವಣೆಯನ್ನೆಲ್ಲ ತಾನೇ ಮಾಡುತ್ತೇನೆ ಎಂದು ಗಂಗೊಳ್ಳಿಯ ಪಾಂಡು ಅಂಗಳದ ನಡುವೆ ನಿಂತು ಪ್ರತಿಜ್ಞೆ ಮಾಡಿದ. ಪುರಾಣದಲ್ಲಾದರೆ ಇಂಥ ಹೊತ್ತಿಗೆ ಆಕಾಶದಿಂದ ಹೂಮಳೆ ಸುರಿಯುತ್ತದೆ. ಇಲ್ಲಿ ಅವನ ಹೆಂಡತಿ ಪದ್ದು ಮೀನಿನ ಬುಟ್ಟಿ ತೊಳೆದ ನೀರನ್ನು ಅವನ ಕಾಲಬುಡಕ್ಕೆ ಚೆಲ್ಲಿದಳು.

“ಆಚೆ ನಿತ್ಕಂಡ್ ಪ್ರತಿಜ್ಞೆ ಮಾಡಿ. ನಂಗೆ ಅಂಗ್ಳ ತೊಳೂಕಿತ್ತ್.”

ಪಾಂಡುವಿನ ಸಿಟ್ಟು ಮೂಗಿನ ತುದಿ ಬಿಟ್ಟು ಹೆಚ್ಚು ದೂರ ಹೋದದ್ದಿಲ್ಲ. ಆ ದಿನವಂತೂ ಅದಕ್ಕೆ ಎರಡೆರಡು ಕಾರಣ ಸಿಕ್ಕಿತ್ತು. ಗಾಡಿಗೆ ಮೀನಿನ ಪೆಟ್ಟಿಗೆ ಕಟ್ಟಿಸಬೇಕೆಂದು ಬ್ರಹ್ಮಾವರದ ಗ್ಯಾರೇಜಿಗೆ ಹೋದರೆ, ಅಲ್ಲಿಯ ಚೆನ್ನಯ್ಯ ತಲೆ ಎತ್ತದೆ “ಬಪ್ಪ ತಿಂಗ್ಳ್ ಕಾಂಬ” ಎಂದ. ಹೋದ ತಿಂಗಳೂ ಅದನ್ನೇ ಹೇಳಿದ್ದ. ಆ ಉರಿಯಲ್ಲಿ ವಾಪಸು ಬರುವಾಗ ಸಾಲಿಗ್ರಾಮದಲ್ಲಿ ಒಬ್ಬ ಸ್ಕೂಟರಿನವನು ಅಡ್ಡ ಬಂದು, ಪಿಕಪ್ಪಿನ ಹಿಂದಿನಿಂದ ಸೋರಿದ ಮೀನುನೀರು ತನ್ನ ಬಿಳಿ ಪಂಚೆಗೆ ಸಿಡಿದದ್ದನ್ನು ತೋರಿಸಿದ. ಮದುವೆಗೆ ಹೊರಟವನಂತೆ. ತೋರಿಸಿದರೆ ಸಾಲದೆಂದು ಪಂಚೆಯ ಚುಂಗನ್ನು ಪಾಂಡುವಿನ ಮೂಗಿನ ಹತ್ತಿರ ಹಿಡಿದು “ಮೂಸಿ ಕಾಣಿ” ಎಂದ!

ಈ ಪೆಟ್ಟಿಗೆಯ ಹುಚ್ಚು ಹತ್ತಿದ್ದಕ್ಕೂ ಕಾರಣವಿತ್ತು. ಪಾಂಡುವಿನ ಪಿಕಪ್ಪು ಸೋಮವಾರವೊಂದು ಬಿಟ್ಟು ದಿನಾ ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು, ಐಸು ತುಂಬಿಕೊಂಡು ಹೆಮ್ಮಾಡಿಯಲ್ಲಿ ಒಳಕ್ಕೆ ತಿರುಗಿ, ವಂಡ್ಸೆ ದಾಟಿ, ಕೆರಾಡಿಯ ಕಾಡಂಚಿನವರೆಗೆ ಮನೆಮನೆಗೆ ಮೀನು ಕೊಟ್ಟು ಬರುತ್ತದೆ. ಮೀನಿನವರ ಬಾಯಲ್ಲಿ ಅದು ‘ಕೆರಾಡಿ ಲೈನು’. ಪಾಂಡುವಿನ ಅಮ್ಮ ಬುಟ್ಟಿ ಹೊತ್ತು ನಡೆದು ಹಿಡಿದ ಲೈನು. ಅಮ್ಮನ ನಂತರ ಪದ್ದುವಿಗೆ ಬಂತು. ಪಾಂಡು ಗಾಡಿ ಬಿಡುವುದು, ಪದ್ದು ಮೀನು ಮಾರುವುದು. ಮನೆಯ ಊಟ, ಮಗಳು ಧನ್ಯಶ್ರೀಯ ನರ್ಸಿಂಗ್ ಓದು, ಎಲ್ಲ ಆ ಒಂದು ದಾರಿಯ ಮೇಲೆ ನಿಂತಿದೆ. ಅಂಥ ದಾರಿಗೆ ಈಗ ಅನೂಪ ಎಂಬ ನೆರೆಕೇರಿಯ ಜವ್ವನಿಗ ಹೊಸ ಗಾಡಿ ಇಳಿಸಿದ್ದ. ಹಿಂದೆ ಹಾಲಿನಂಥ ಬಿಳಿ ಪೆಟ್ಟಿಗೆ, ಒಂದು ಹನಿ ಸೋರುವುದಿಲ್ಲ. ಲೈನು ಒಮ್ಮೆ ಕೈಬಿಟ್ಟರೆ ಮತ್ತೆ ಕೈಗೆ ಬರುವುದಿಲ್ಲ ಎಂಬುದು ಬಂದರಿನ ಬೆಕ್ಕಿಗೂ ಗೊತ್ತು.

“ಅನೂಪಂದ್ ಕಂಪನಿ ಪೆಟ್ಗಿ. ನಂದ್ ಅದ್ಕಿಂತ ಲಾಯ್ಕ್ ಆತ್ತ್ ಕಾಣ್,” ಎಂದ ಪಾಂಡು. “ದೋಣಿಗೆ ಫೈಬರ್ ಹಾಕ್ದ ಕೈ ಇದ್.”

“ದೋಣಿಗೆ ಹಾಕ್ದ ಕೈಯಗೆ ದೋಣಿಗೇ ಹಾಕಿ. ಗಾಡಿ ಇದ್ದಂಗೇ ಇರ್ಲಿ.”

“ನಿಂಗೆಂತ ಗೊತ್ತಿತ್ತ್?”

“ನಂಗೆಂತ ಗೊತ್ತಿಲ್ಲ. ಬಪ್ಪ ಆಯ್ತವಾರ ಗುಲಾಬಕ್ಕನ ಮನಿಗೆ ನೆಂಟ್ರ್ ಬತ್ರ್ ಅಂದೇಳಿ ಮಾತ್ರ ಗೊತ್ತಿತ್ತ್.”

ಗುಲಾಬಿ ಅಂದರೆ ಕೆರಾಡಿಯ ದೊಡ್ಡ ಮನೆಯ ಯಜಮಾನಿ. ಅವಳ ಮಗಳು ನಿಶ್ಮಿತಾಳನ್ನು ನೋಡಲು ಬೈಂದೂರಿನಿಂದ ಗಂಡಿನವರು ಊಟಕ್ಕೆ ಬರುವವರಿದ್ದರು. ಗುಲಾಬಿ ಮೊದಲೇ ಹೇಳಿಬಿಟ್ಟಿದ್ದಳು: “ಪದ್ದು, ಕಾಣೆ ಮೀನ್ ಫಸ್ಟ್ ಕ್ಲಾಸ್ ಇರ್ಕ್. ಹೆಚ್ಚುಕಮ್ಮಿ ಆರೆ ನಾ ಅನೂಪನ ಹತ್ರ ತಕಂತೆ.” ಗುಲಾಬಿ ಯಾರ ಹತ್ತಿರ ತೆಗೆದುಕೊಳ್ಳುತ್ತಾಳೋ ಕೆರಾಡಿ ಅವರ ಹತ್ತಿರ ತೆಗೆದುಕೊಳ್ಳುತ್ತದೆ. ಆದಿತ್ಯವಾರ ಕೆಟ್ಟರೆ ಲೈನು ಕೆಟ್ಟಿತು.

ಬೆಳಿಗ್ಗೆ ವ್ಯಾಪಾರ, ಮಧ್ಯಾಹ್ನದ ಮೇಲೆ ಗಾಡಿಯ ಶಸ್ತ್ರಚಿಕಿತ್ಸೆ ಎಂದು ಪಾಂಡು ಆ ವಾರ ಶುರುಮಾಡಿದ. ಪ್ಲೈವುಡ್ ಬಂತು, ಥರ್ಮಾಕೋಲ್ ಬಂತು, ದೋಣಿಗೆ ಮೆತ್ತುವ ಫೈಬರ್ ಬಟ್ಟೆ, ಅಂಟು ಬಂತು. ಅಂಟಿನ ಘಾಟಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಫೈಬರಿನ ಧೂಳು ಅಂಗಳದಿಂದ ಚಾವಡಿಗೆ, ಚಾವಡಿಯಿಂದ ಹಾಸಿಗೆಗೆ ಬಂತು. ಪದ್ದು ಅನ್ನ ಬಡಿಸುತ್ತ ತುರಿಸಿಕೊಂಡಳು, ಬೈಯುತ್ತ ತುರಿಸಿಕೊಂಡಳು, ಆಮೇಲೆ ತುರಿಸಿಕೊಳ್ಳುವುದರಲ್ಲಿ ಬೈಗುಳಕ್ಕೆ ಕೈ ಸಾಲದೆ ಸುಮ್ಮನಾದಳು. ಭಾರಕ್ಕೆ ಹಿಂಭಾಗ ಕುಸಿಯಬಾರದೆಂದು ಪಾಂಡು ಸ್ಪ್ರಿಂಗಿಗೆ ಇನ್ನೂ ಕೆಲವು ಪಟ್ಟಿ ಸೇರಿಸಿದ. ಗಾಡಿ ಹಿಂದೆ ಎದ್ದು ಮುಂದೆ ಬಗ್ಗಿ, ಹಾಯಲು ತಯಾರಾದ ಟಗರಿನಂತೆ ನಿಂತಿತು.

ಶನಿವಾರ ಸಂಜೆ ಪೆಟ್ಟಿಗೆ ಮುಗಿಯಿತು. ಎದೆಮಟ್ಟದ ಗೋಡೆ, ನುಣ್ಣಗಿನ ಮೈ, ನೀಲಿ ಬಣ್ಣ. ಮುಚ್ಚಳ ಮಾತ್ರ ಇರಲಿಲ್ಲ. ದೋಣಿಗೆ ಎಲ್ಲಿಯ ಮುಚ್ಚಳ? ಐಸಿನ ಮೇಲೆ ಟಾರ್ಪಾಲು ಹೊದಿಸಿದರಾಯಿತು ಎಂದ ಪಾಂಡು. ಬಂದರಿನವರು ಬಂದು ತಟ್ಟಿ ನೋಡಿ ಹೊಗಳಿದರು. ಪದ್ದು ಬಗ್ಗಿ, ಸುತ್ತು ಹಾಕಿ, ಅಡಿಗೆ ಇಣುಕಿ ನೋಡಿದಳು.

“ನೀರ್ ಹೋಪುಕೆ ತೂತ್ ಎಲ್ಲಿತ್ತ್?”

ಪಾಂಡುವಿನ ಮುಖ ಕೆಂಪಾಯಿತು. ಅವನ ಅಪ್ಪ ದೋಣಿಯವನು, ಅಜ್ಜ ದೋಣಿಯವನು. ಜನ್ಮವಿಡೀ ತೂತು ಮುಚ್ಚಿ ಅನ್ನ ತಿಂದ ವಂಶ.

“ತೂತಾ? ನಮ್ಮ ಮನೆತನದಗೆ ತೂತ್ ಮಾಡ್ದವ್ರ್ ಯಾರೂ ಇಲ್ಲ. ಒಂದ್ ಹನಿ ರಸ್ತಿಗ್ ಬೀಳೂಕಾಗ ಅಂದೇಳಿಯೇ ಇದ್ ಮಾಡದ್.”

“ಐಸ್ ಕರಗ್ರೆ?”

“ಮೊಗ್ದ್ ಚೆಲ್ಲುದ್. ದೋಣಿಯಗೆ ಎಂತ ಮಾಡ್ತ್ರ್?” ಎಂದು ಒಂದು ಹಳೆಯ ಡಬ್ಬಿಯನ್ನು ಅವಳ ಕೈಗೆ ಕೊಟ್ಟ.

“ದೋಣಿಗೆ ನೀರ್ ಹೊರ್ಗಿಂದ ಬತ್ತ್. ಇಲ್ಲ್ ಒಳ್ಗೇ ಹುಟ್ಟುತ್ತ್,” ಎಂದಳು ಪದ್ದು. ಪಾಂಡು ಕೇಳಿಸಿಕೊಳ್ಳಲಿಲ್ಲ. ಸಿಟ್ಟು ಬಂದಾಗ ಅವನ ಕಿವಿ ಮೊದಲು ಮುಚ್ಚುತ್ತದೆ, ಬಾಯಿ ಕೊನೆಗೆ.

ಆದಿತ್ಯವಾರದ ಮೀನು ಮಾತ್ರ ದೇವರಿಗೆ ಇಡುವಂತಿತ್ತು. ಕಾಣೆ, ಬಂಗಡೆ, ಬೈಗೆಯೆಂಬ ಬೂತಾಯಿ, ಶಟ್ಲಿಯೆಂಬ ಸಿಗಡಿ, ಎಲ್ಲ ಆಗಷ್ಟೇ ದೋಣಿಯಿಂದ ಇಳಿದದ್ದು. ಮೇಲೆ ಐಸು. ವಂಡ್ಸೆ ದಾಟುವಷ್ಟರಲ್ಲಿ ಬಿಸಿಲೇರಿತು. ಬೆನ್ನಹಿಂದೆ ಗುಳುಗುಳು ಸದ್ದು ಕೇಳಿ ಪಾಂಡುವಿಗೆ ಹೆಮ್ಮೆಯಾಯಿತು. ಒಂದು ಹನಿ ಕೆಳಗೆ ಬಿದ್ದಿಲ್ಲ!

ಮೊದಲನೆಯ ಮನೆಯೆದುರು ಗಾಡಿ ನಿಂತಾಗ ಪಾತ್ರೆ ಹಿಡಿದು ಬಂದ ಹೆಂಗಸರು ತುದಿಗಾಲಲ್ಲಿ ನಿಂತರು, ಕುಣಿದರು, ಆದರೂ ಒಳಗೆ ಕಾಣಲಿಲ್ಲ. ನಮ್ಮ ಕಡೆ ಹೆಣ್ಣನ್ನಾದರೂ ಫೋಟೊ ನೋಡಿ ಒಪ್ಪಿಯಾರು, ಮೀನನ್ನು ಮುಟ್ಟದೆ ಒಪ್ಪುವುದಿಲ್ಲ. ಕಿವಿರು ಎತ್ತಿ ಒಳಗೆ ಕೆಂಪಿದೆಯೇ ಎಂದು ನೋಡಬೇಕು, ಹೊಟ್ಟೆ ಒತ್ತಬೇಕು, ಒಂದು ಮಾತು ಕೊಂಕು ತೆಗೆಯಬೇಕು, ಆಮೇಲೆ ವ್ಯಾಪಾರ.

“ಪದ್ದಕ್ಕ, ಮೀನ್ ಕಾಣುದಿಲ್ಲಲೆ. ಬಾವಿಯಗೆ ತಂದ್ರ್ಯಾ?”

ಪದ್ದು ಸೀರೆ ಎತ್ತಿ ಕಟ್ಟಿ ಪೆಟ್ಟಿಗೆಯೊಳಗೆ ಇಳಿದಳು. ಮೊಣಕಾಲಿನವರೆಗೆ ನೀರು, ಅದೂ ಐಸಿನ ನೀರು. ಸಮುದ್ರದಲ್ಲಿ ಒಮ್ಮೆ ಹಿಡಿದ ಮೀನನ್ನು ಅವಳು ಗಾಡಿಯಲ್ಲಿ ಮತ್ತೊಮ್ಮೆ ಹಿಡಿಯಬೇಕಾಯಿತು. ಬಂಗಡೆ ಕೇಳಿದವರಿಗೆ ಬೈಗೆ ಸಿಕ್ಕಿತು. ಶಟ್ಲಿ ಕೇಳಿದವರಿಗೆ ಕೈ ತುಂಬ ಮೀಸೆ ಸಿಕ್ಕಿತು.

“ಮೊಗ್ದ್ ಚೆಲ್ಲ್,” ಎಂದು ಪಾಂಡು ಕೆಳಗಿನಿಂದ ಕೂಗಿದ.

“ನೀವ್ ಮೇಲ್ ಬನ್ನಿ. ನಿಮ್ಮನ್ನೇ ಮೊಗ್ದ್ ಚೆಲ್ತೆ.”

“ಎಲ್ಲಾ ನಿನ್ ಬಾಯಿಂದ ಹಾಳಾದ್ದ್.”

“ಬಾಯಿ ಅಲ್ಲ, ತೂತ್ ಇಲ್ದೆ ಹಾಳಾದ್ದ್.”

ಮನೆಯಲ್ಲೇ ಗಾಡಿ ರಿಪೇರಿ ಮಾಡಿಕೊಂಡರೆ ಲಾಭವೋ ನಷ್ಟವೋ ಎಂದು ಕೇಳುವವರು ಆ ಹೊತ್ತು ಅಲ್ಲಿಗೆ ಹೋಗಿ ಪದ್ದುವನ್ನು ಕೇಳಬೇಕಿತ್ತು. ಕೇಳಿ ಬದುಕಿ ಬಂದರೆ ನಮಗೂ ಹೇಳಬಹುದಿತ್ತು.

ಗುಲಾಬಿಯ ಮನೆಗೆ ರಸ್ತೆಯಿಂದ ಒಂದು ಕಡಿದಾದ ಇಳಿಜಾರು. ಗೇಟಿನ ಬಳಿ ಗುಲಾಬಿ ಸ್ಟೀಲಿನ ಬೋಗುಣಿ ಹಿಡಿದು, ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕಾಯುತ್ತಿದ್ದಳು. ಪದ್ದು ಮುಂದಿನ ಸೀಟಿನಲ್ಲಿ ಹಲ್ಲು ಕಡಿಯುತ್ತಿದ್ದಳು, ಅರ್ಧ ಚಳಿಗೆ, ಅರ್ಧ ಸಿಟ್ಟಿಗೆ. ಪಾಂಡು ಗತ್ತಿನಲ್ಲಿ ಇಳಿಸಿ, ಗೇಟಿನೆದುರು ಬ್ರೇಕ್ ಒತ್ತಿದ.

ಗಾಡಿ ನಿಂತಿತು. ನೀರು ನಿಲ್ಲಲಿಲ್ಲ. ಹಿಂಭಾಗ ಎದ್ದಿದ್ದರಿಂದ ಅಷ್ಟೂ ನೀರು ಮುಂದಕ್ಕೆ ನುಗ್ಗಿ, ಪೆಟ್ಟಿಗೆಯ ಗೋಡೆ ಹಾರಿ, ಗಾಡಿಯ ತಲೆ ದಾಟಿ, ಗಂಗೊಳ್ಳಿಯ ಅಳಿವೆಬಾಗಿಲಿನ ತೆರೆಯಂತೆ ಗುಲಾಬಿಯ ಮೇಲೆ ಬಿತ್ತು. ಮಲ್ಲಿಗೆ ಹೋಯಿತು. ಬದಲಿಗೆ ಒಂದು ಬೈಗೆ ಜಡೆಯಲ್ಲಿ ಸಿಕ್ಕಿಕೊಂಡಿತು. ಕಾಣೆ ಮೀನುಗಳು ಸಾರಿಸಿ ರಂಗೋಲಿ ಹಾಕಿದ ಅಂಗಳದಲ್ಲಿ ಉದ್ದಕ್ಕೆ ಮಲಗಿದವು.

ಗುಲಾಬಿ ಕೂಗಾಡಲಿಲ್ಲ. ಕೂಗಾಡಿದ್ದರೆ ಪಾಂಡುವಿಗೆ ತಿರುಗಿ ಕೂಗಾಡಬಹುದಿತ್ತು. ಅವಳು ಮುಖ ಒರೆಸಿಕೊಂಡು, ಬಗ್ಗಿ, ಒಂದು ಕಾಣೆಯನ್ನು ಎತ್ತಿ ಕಿವಿರು ಬಿಡಿಸಿದಳು. ಬೆಳಗಿನಿಂದ ನೀರಿನಲ್ಲಿ ನೆನೆದು ಅದು ತೊಳೆದಿಟ್ಟ ಹತ್ತಿಯಂತೆ ಬಿಳಿಚಿಕೊಂಡಿತ್ತು.

“ಪಾಂಡು, ಇದ್ರ ಕೆಂಪ್ ಎಲ್ಲಿ ಹೋಯ್ತ್?”

“ಬೆಳಿಗ್ಗೆ ಇತ್ತ್ ಗುಲಾಬಕ್ಕ. ಆಣಿ ಮಾಡಿ ಹೇಳ್ತೆ, ಜೀವ ಇದ್ದಂಗೇ ಇತ್ತ್.”

“ಬೆಳಿಗ್ಗೆ ನನ್ ಸೀರಿಯೂ ಚಂದ ಇತ್ತ್.”

ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಹಿಂದಿನಿಂದ ಅನೂಪನ ಹಾರ್ನು ಕೇಳಿತು. ಬಿಳಿ ಪೆಟ್ಟಿಗೆ ಇಳಿಜಾರಿನಲ್ಲಿ ಮೆಲ್ಲಗೆ ಇಳಿದು ನಿಂತಿತು. ಗುಲಾಬಿ ಒದ್ದೆ ಬೋಗುಣಿಯನ್ನು ಅವನಿಗೆ ಒಡ್ಡಿದಳು. ಅನೂಪ ದೊಡ್ಡ ದೊಡ್ಡ ಕಾಣೆಯನ್ನೇ ಆರಿಸಿ ಹಾಕತೊಡಗಿದ. ಪಾಂಡುವಿನ ಪಕ್ಕ ನಿಂತು ನೋಡುತ್ತಿದ್ದ ಪದ್ದುವಿಗೆ ತಡೆಯಲಿಲ್ಲ.

“ಅಷ್ಟ್ ದೊಡ್ಡದ್ ಬ್ಯಾಡ ಅನೂಪ, ಹುರುಕೆ ಮಧ್ಯಮದ್ ಹಾಕ್. ಗಂಡಿನ ಅಮ್ಮಂಗೆ ಶಟ್ಲಿ ಆತ್ತಿಲ್ಲಂಬ್ರ್, ಅವ್ರಿಗೆ ಬೇರೆ ಬಂಗ್ಡಿ ಕಟ್ಟ್. ಸರಿ ಆಚೆ, ನಾ ಕೊಡ್ತೆ.”

ತಕ್ಕಡಿ ಅವಳ ಕೈಗೆ ಬಂತು. ಅನೂಪ ಸರಿದು ನಿಂತ. ನೋಡನೋಡುತ್ತಿದ್ದಂತೆ ಅವಳು ಆ ಗಾಡಿಯ ಮುಂದಿನ ಸೀಟು ಹತ್ತಿ ಕೂತಳು.

“ಎಲ್ಲಿಗ್ ಹೊರಟದ್?” ಎಂದು ಪಾಂಡು ಗುಡುಗಿದ.

“ಲೈನಿಗೆ,” ಎಂದಳು.

ಆ ಸಂಜೆಯೇ ಪಾಂಡು ಹಾರೆ ಹಿಡಿದು ಪೆಟ್ಟಿಗೆಯನ್ನು ಒಡೆದೊಡೆದು ಕಿತ್ತ. ಚೆನ್ನಯ್ಯನನ್ನು ಬೈದ, ಸಾಲಿಗ್ರಾಮದ ಪಂಚೆಯನ್ನು ಬೈದ, ಬಿಸಿಲನ್ನು ಬೈದ. ಸೇರಿಸಿದ ಸ್ಪ್ರಿಂಗ್ ಪಟ್ಟಿಗಳನ್ನೂ ಬಿಚ್ಚಿ ಎಸೆದ. ಸೋಮವಾರ ಲೈನಿಗೆ ರಜೆ. ಮಂಗಳವಾರ ಅನೂಪನಿಗಿಂತ ಮೊದಲೇ ಬಂದರಿಗೆ ಹೋಗಿ, ಕಣ್ಣಿಗೆ ಒತ್ತಿಕೊಳ್ಳುವಂಥ ಮೀನು ತುಂಬಿಕೊಂಡು ಒಬ್ಬನೇ ಹೊರಟ. ತಪ್ಪು ಪೆಟ್ಟಿಗೆಯದ್ದು ತಾನೇ? ಪೆಟ್ಟಿಗೆ ಈಗಿಲ್ಲವಲ್ಲ.

ಹಾರ್ನಿಗೆ ಹೆಂಗಸರು ಪಾತ್ರೆ ಹಿಡಿದು ಬಂದರು. ಬಂದವರು ಮೀನು ನೋಡುವ ಮೊದಲು ಮುಂದಿನ ಸೀಟು ನೋಡಿದರು.

“ಪದ್ದಕ್ಕ ಎಲ್ಲಿ?”

“ಪದ್ದು ಎಂತಕೆ? ಮೀನ್ ಕಾಣಿ, ಕೆಮಿ ಎತ್ತಿ ಕಾಣಿ,” ಎಂದು ಪಾಂಡು ತಾನೇ ಕಿವಿರು ಬಿಡಿಸಿ ತೋರಿಸಿದ. ಒಳಗೆ ದಾಸವಾಳ ಅರಳಿದಂತಿತ್ತು. ಅವರು ನೋಡಿ, ತಲೆಯಾಡಿಸಿ, ಒಳಗೆ ಹೋದರು. ಬಾಣಂತಿಯಿದ್ದ ಮನೆಯಲ್ಲಿ ಬಂಗಡೆ ತೂಗಲು ಹೋದ. ಹಾಲು ಕುಡಿಸುವವಳಿಗೆ ಮರಿ ಸೊರಾ ಮೀನು ಕೊಡಬೇಕೆಂದೂ ತಿಳಿಯದವನ ಹತ್ತಿರ ಏನು ವ್ಯಾಪಾರ ಎಂದು ಅಲ್ಲಿಯ ಅಜ್ಜಿ ಬಾಗಿಲು ಹಾಕಿದಳು. ಮುಂದಿನ ಮನೆಯ ಗೇಟಿನಲ್ಲಿ “ಮೀನ್” ಎಂದು ಬೊಬ್ಬೆ ಹೊಡೆದ. ಕಪ್ಪು ಪಂಚೆ ಉಟ್ಟು ಮಾಲೆ ಹಾಕಿದ್ದ ಆ ಮನೆಯ ಮಗ ಹೊರಗೆ ಬಂದು, ವ್ರತದಲ್ಲಿದ್ದವರು ಆಡಬಾರದ ಮಾತನ್ನೆಲ್ಲ ಆಡಿದ. ಗುಲಾಬಿ ಗೇಟಿನ ಒಳಗಿನಿಂದಲೇ ಹೇಳಿದಳು.

“ಗಂಡಿನವ್ರ್ ಒಪ್ಪಿದ್ರ್ ಪಾಂಡು. ಊಟ ಲಾಯ್ಕ್ ಇದಿತ್ತಂಬ್ರ್. ಪದ್ದುಗೆ ಹೇಳಿ.”

ತಂದ ಮೀನು ತಂದ ಹಾಗೇ ವಾಪಸು ಬಂತು. ಸಂಜೆ ಅನೂಪನ ಗಾಡಿ ಗೇಟಿನ ಹೊರಗೆ ಪದ್ದುವನ್ನು ಇಳಿಸಿ ಹೋಯಿತು. ಅವಳ ಬುಟ್ಟಿ ಬರಿದಾಗಿತ್ತು. ಪಾಂಡು ಚಾವಡಿಯಲ್ಲಿ ಕೂತಿದ್ದ. ಸಿಟ್ಟು ಇತ್ತು, ಬೇಕಾದಷ್ಟಿತ್ತು, ಆದರೆ ಯಾರ ಮೇಲೆ ಮಾಡುವುದೆಂದು ಹುಡುಕಿದರೆ ಊರಲ್ಲಿ ಯಾರೂ ಉಳಿದಿರಲಿಲ್ಲ.

“ಪದ್ದು, ಪೆಟ್ಗಿ ತೆಗ್ದೆ,” ಎಂದ. ದನಿ ಅವನದ್ದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. “ಪಟ್ಟಿಯೂ ತೆಗ್ದೆ. ಗಾಡಿ ಮುಂಚಿನಂಗೇ ಇತ್ತ್. ಓಡ್ತ್, ತಿರುಗ್ತ್, ಎಲ್ಲಾ ಸಮ ಇತ್ತ್.”

ಪದ್ದು ಕೈಕಾಲು ತೊಳೆದು ಬಂದು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಂಗಳದ ಕಡೆ ನೋಡಿದಳು.

“ಹೌದಾ? ತಿರುಗ್ತಾ?”

“ಲಾಯ್ಕ್ ತಿರುಗ್ತ್,” ಎಂದ ಪಾಂಡು ಆಸೆಯಿಂದ.

“ಹಂಗಾರೆ ಸ್ವಲ್ಪ ಬದಿಗ್ ತಿರ್ಗ್ಸಿ ಇಡಿ. ಬೆಳಿಗ್ಗೆ ಅನೂಪನ ಗಾಡಿ ಒಳ್ಗ್ ಬಪ್ಪುಕೆ ಅಡ್ಡ ಆತ್ತ್.”

ಪಾಂಡು ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಅಂಗಳಕ್ಕೆ ಇಳಿದ.