ಪೆನ್‌ಡ್ರೈವ್ ಹೋದ ದಾರಿ

ಶಾಂಭವಿ ನಾಲ್ಕನೆಯ ರೊಟ್ಟಿ ಬಡಿಯುತ್ತಿದ್ದಾಗ ಹೊರಗೆ ಟ್ರ್ಯಾಕ್ಟರ್ ನಿಂತಿತು. ಬಾಜೂ ಮನೆಯ ಮಾಂತೇಶ ಪಡಸಾಲೆಗೆ ಬಂದು ಏನೋ ಕೂಗಿ ಹೋದ. ರೊಟ್ಟಿಯ ಸಪ್ಪಳದಲ್ಲಿ ಅವಳಿಗೆ ಕೇಳಲಿಲ್ಲ. ಉಳಿದ ರೊಟ್ಟಿ ಮುಗಿಸಿ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನೋಡಿದರೆ, ನೆಟ್‌ಬುಕ್ಕಿಗೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಇಲ್ಲ. ಪರದೆ ಕಪ್ಪಗಾಗಿದೆ.

"ಐಶ್ವರ್ಯಾ, ಮಾಂತೇಶಣ್ಣ ಏನಂದನ?"

"ಹಾಡ ಕೇಳಾಕ ಪೆನ್‌ಡ್ರೈವ್ ಒಯ್ತೇನಿ ಅಂದ," ಎಂದಳು ಎರಡನೆಯ ಇಯತ್ತೆಯ ಮಗಳು.

ಶಾಂಭವಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆ ಹಳೆಯ ನೆಟ್‌ಬುಕ್ಕು ವಿಂಡೋಸ್ ಹಾಕಿದರೆ ಹುಣ್ಣಿಮೆಗೆ ಶುರುವಾಗಿ ಅಮಾವಾಸ್ಯೆಗೆ ಏಳುತ್ತಿತ್ತು. ಅವಳು ಪೆನ್‌ಡ್ರೈವಿನಲ್ಲಿ ಒಂದು ಹಗುರ ಲಿನಕ್ಸ್ ತುಂಬಿ, ಅದರಿಂದಲೇ ನಡೆಸಿ, ಒಂದು ವಾರ ಬಳಸಿ ಅದರ ವಿಮರ್ಶೆ ಬರೆದಿದ್ದಳು. ಆ ಬರಹವೂ ಆ ಪೆನ್‌ಡ್ರೈವಿನಲ್ಲೇ ಇತ್ತು. ಇಂದು ನಾಲ್ಕು ಗಂಟೆಯೊಳಗೆ ತಲುಪಿದರೆ ತಿಂಗಳಿಗೊಂದು ಬರೆಯಬಹುದು ಎಂದಿದ್ದರು ಒಂದು ಕನ್ನಡ ಜಾಲಪತ್ರಿಕೆಯವರು. ಗಂಡ ಪ್ರಭು ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುವವನು. ಹದಿನೈದು ದಿನಕ್ಕೊಮ್ಮೆ ಮನೆ. ಈ ವಾರ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದು ಆ ವಿಮರ್ಶೆಯೊಂದಿಗೆ ಮಾತ್ರ.

"ಇಲ್ಲೇ ಕುಂದರು," ಎಂದು ಮಗಳಿಗೆ ಹೇಳಿ ಓಡಿದಳು.

"ಎಲ್ಲಿಗಿ ಹೊಂಟೀಬೇ?" ಕಟ್ಟೆಯ ಮೇಲಿನ ರೇವವ್ವ ಕೇಳಿದಳು.

"ಮಾಂತೇಶ ಒಯ್ದಾನ್ರಿ, ಅದು ಸಿಗದಿದ್ರ ನನ್ನ ಕತಿ ಮುಗೀತು!"

"ಅಯ್ಯ, ಬಂಗಾರದ್ದೇನ?" ಎನ್ನುತ್ತ ರೇವವ್ವ ಚಪ್ಪಲಿ ಹುಡುಕಿದಳು. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಶಾಂಭವಿಯ ಕೊರಳಿನ ಬಂಗಾರದ ಬೋರಮಳ ಕಳುವಾಗಿದೆಯೆಂದು ಮೊರಬದ ಅರ್ಧ ಊರಿಗೆ ಗೊತ್ತಾಗಿ, ಬೆನ್ನ ಹಿಂದೆ ಹತ್ತು ಮಂದಿ ದಿಬ್ಬಣದಂತೆ ಬರುತ್ತಿದ್ದರು. ಸಾಲಿನ ಕೊನೆಗೆ ಐಶ್ವರ್ಯ.

"ಅವ್ವಾ..."

"ಆಮ್ಯಾಲೆ!"

ಮಾಂತೇಶ ಚಹಾದಂಗಡಿಯ ಮುಂದೆ ಸಿಕ್ಕ. "ಬೋರಮಳ ಎಲ್ಲೈತಿ ಹೇಳಲೇ!" ಎಂದು ದಿಬ್ಬಣದ ಜೊತೆ ಬಂದಿದ್ದ ಲಕ್ಷ್ಮಪ್ಪ ಅವನ ಅಂಗಿ ಹಿಡಿದೇಬಿಟ್ಟ.

"ಯಾವ ಬೋರಮಳ ಕಾಕಾ? ಅಕ್ಕಾರ, ನಿಮ್ಮ ಪೆನ್‌ಡ್ರೈವಿನ್ಯಾಗ ಒಂದ ಹಾಡಿಲ್ಲಲ್ರಿ! ಬರೇ ಕಸ. ಹಸನ ಮಾಡಿ ಹಾಡ ತುಂಬು ಅಂತ ಮೊಬೈಲ್ ಅಂಗಡಿ ಮುನಾಫಗ ಕೊಟ್ಟೀನಿ. ನಿಮಗ ಉಪಕಾರ ಆಗ್ಲಿ ಅಂತ."

"ಅದರಾಗ ನಾ ಬರದದ್ದಿತ್ತೋ!"

"ಏನ ಬರದಿದ್ದೀ?" ರೇವವ್ವ ಕೇಳಿದಳು.

"ಹಳೇ ಕಂಪ್ಯೂಟರ್ ಹೆಂಗ ನಡೀತೈತಿ ಅಂತ..."

"ಇಷ್ಟಕ್ಕ ನನ್ನ ಮಣಕಾಲ ನೋಯಿಸಿದೇನ!"

ಬೋರಮಳವಿಲ್ಲ ಎಂದ ಮೇಲೆ ದಿಬ್ಬಣ ಕರಗಿತು. ಹೇಗೆ ನಡೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಶಾಂಭವಿ ಮಗಳ ಕೈ ಹಿಡಿದು ಮೊಬೈಲ್ ಅಂಗಡಿಗೆ ನಡೆದಳು.

"ಅವ್ವಾ, ಒಂದ ಮಾತ ಕೇಳ್ಲಿ..."

"ತಡಿ, ಬಂಗಾರ."

ಮುನಾಫ್ ಖುಷಿಯಿಂದ ಪೆನ್‌ಡ್ರೈವ್ ಚಾಚಿದ. "ಅಗದಿ ಸ್ವಚ್ಛ ಮಾಡೀನ್ರಿ ಅಕ್ಕಾರ. ಆರನೂರು ಹಾಡ!"

ಶಾಂಭವಿ ಅಲ್ಲಿದ್ದ ಸ್ಟೂಲು ಎಳೆದು ಕೂತು ನಡೆದದ್ದನ್ನು ಹೇಳಿದಳು. ಎಲ್ಲ ಕೇಳಿ ಮುನಾಫ್ ತಲೆ ಕೆರೆದುಕೊಂಡ. "ಅಂಥಾ ಹಗುರ ಲಿನಕ್ಸ್ ಒಮ್ಮೆ ಶುರುವಾತಂದ್ರ ಪೂರ್ತಿ ಮೆಮೊರಿಯೊಳಗ ಹೋಗಿ ಕುಂದರತೈತಲ್ರಿ? ಪೆನ್‌ಡ್ರೈವ್ ಕಿತ್ರೂ ನಡೀತಿರ್ತೈತಿ. ಬರದದ್ದು ತೆರದಿಟ್ಟಿದ್ರ ಅಲ್ಲೇ ಇರ್ತೈತ್ರಿ."

ಶಾಂಭವಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇದೇ ಗುಣವನ್ನು ಅವಳೇ ಮೂರು ಸಾಲು ಹೊಗಳಿ ಬರೆದಿದ್ದಳು! ವಿಮರ್ಶೆಯನ್ನು ತೆರೆದಿಟ್ಟೇ ರೊಟ್ಟಿಗೆ ಎದ್ದಿದ್ದಳು; ಪರದೆ ಸತ್ತಿರಲಿಲ್ಲ, ಮಲಗಿತ್ತು ಅಷ್ಟೆ. ಒಂದು ಕೀಲಿ ಮುಟ್ಟಿದ್ದರೆ ಸಾಕಿತ್ತು. ಗಂಟೆ ಮೂರು. ಮಗಳನ್ನು ಎತ್ತಿಕೊಂಡೇ ಮನೆಗೆ ಓಡಿದಳು.

ಟಚ್‌ಪ್ಯಾಡ್ ಸವರಿದಳು. ಕೀಲಿ ಒತ್ತಿದಳು. ಏನೂ ಇಲ್ಲ. ಸದಾ ಮಿನುಗುವ ಸಣ್ಣ ದೀಪವೂ ಆರಿತ್ತು.

ಐಶ್ವರ್ಯ ಸೆರಗು ಹಿಡಿದು ನಿಂತಳು.

"ಅವ್ವಾ, ನೀ ಹಂಗ ಬಿಟ್ಟು ಹೋಗಿದ್ದಿ. ಕರೆಂಟ್ ಸುಮ್ನ ಸುಡ್ತೈತಿ ಅಂತ ನಾನ ಬಂದ್ ಮಾಡಿದೆ. ಆವಾಗ ಅದು ಕನ್ನಡದಾಗ ಕೇಳಿತು, 'ಉಳಿಸಬೇಕೆ?' ಅಂತ. ಗೊತ್ತಿಲ್ಲದವು ಏನ ಕೇಳಿದ್ರೂ ಬ್ಯಾಡ ಅಂತ ಒತ್ತು ಅಂತ ನೀನ ಹೇಳೀಯಲಾ? 'ಬೇಡ' ಒತ್ತಿದೆ. ಬರೋಬರಿ ಮಾಡೀನಿಲ್ಲವ್ವಾ?"